ಕೈ ಛಲೋ, ಬಾಯಿ ಕೆಟ್ಟ: ಇಂಥ ಮಿಸ್ತ್ರಿ ಜೋಡಿ ಹ್ಯಾಂಗ ನಡ್ಕೋಬೇಕು

ಕಲಬುರಗಿದಾಗ ಒಂದು ದಾಲ್ ಮಿಲ್ಲಿನ ಮುನೀಮ ನಾನು, ಲೆಕ್ಕ ಬರಿಲತ್ತು ಹದಿನಾಲ್ಕು ವರ್ಷ ಆಯ್ತು. ಮಿಲ್ ಇರ್ಲಿ, ಗ್ಯಾರೇಜ್ ಇರ್ಲಿ, ಖಾನಾವಳಿ ಇರ್ಲಿ, ಪ್ರಿಂಟಿಂಗ್ ಪ್ರೆಸ್ ಇರ್ಲಿ, ಎಲ್ಲಾ ಕಡಿ ಒಬ್ಬ ಇದ್ದೇ ಇರ್ತಾನ, ಕೆಲಸದಾಗ ಅವನ ಸರಿ ಯಾರೂ ಇಲ್ಲ, ಆದ್ರ ಬಾಯಿ ತೆಗದ್ರ ಎದುರಿಗಿದ್ದವ್ರ ಕಣ್ಣಾಗ ನೀರು ಬರ್ತಾವ. ಅವಾಗ ಮಾಲಕ್ರು ಏನಂತಾರ, "ಅವನ ಸ್ವಭಾವನೇ ಹಂಗ, ಮನಸಿನ್ಯಾಗ ಏನೂ ಇಲ್ಲ, ಕೆಲಸ ನೋಡ್ರಿ". ಇದೇ ಮಾತು ನಾನೂ ಆರೇಳು ವರ್ಷ ಹೇಳೀನಿ, ಅಳ್ಕೋತ ಬಂದ ಹುಡುಗ್ರಿಗಿ ಚಾ ಕುಡಿಸಿ ವಾಪಸ್ ಮಷಿನ್ ಕಡಿ ಕಳಿಸೀನಿ. ಅದು ನಂದು ದೊಡ್ಡ ತಪ್ಪು, ಇನ್ನೊಬ್ರು ಮಾಡಬಾರ್ದು ಅಂತ ಇದನ್ನ ಬರಿಲತ್ತೀನಿ.

ಮೊದ್ಲು ನಮ್ಮ ಮಿಲ್ಲಿನ ಮಿಸ್ತ್ರಿ ಕೈ ಎಂಥಾದು ಅಂತ ಹೇಳಬೇಕು, ಇಲ್ಲಂದ್ರ ಅನ್ಯಾಯ ಆಗ್ತದ. ತೊಗರಿ ಬ್ಯಾಳಿ ಮಾಡೋದಂದ್ರ ಸುಮ್ನ ಕಾಳು ಒಡಿಯೋದಲ್ಲ. ಹಸನ ಮಾಡಬೇಕು, ರೋಲಿಗಿ ಹಾಕಿ ಸಿಪ್ಪಿ ಮ್ಯಾಲ ಗೀರು ಬೀಳಿಸಬೇಕು, ಎಣ್ಣಿ ಹಚ್ಚಬೇಕು, ಬಿಸಲಿಗಿ ಹರವಿ ಒಣಗಿಸಬೇಕು, ನೀರು ಹೊಡದು ರಾತ್ರಿಯಿಡೀ ಗುಂಪಿ ಹಾಕಿ ಇಡಬೇಕು, ಆಮ್ಯಾಲ ಸಿಪ್ಪಿ ಬಿಡಿಸಿ ಒಡಿಬೇಕು. ತೊಗರಿ ಸಿಪ್ಪಿಗಿ ಒಳಗ ಅಂಟು ಇರ್ತದ, ಕಡ್ಲಿ ಹಂಗ ಸಲೀಸ ಬಿಡಂಗಿಲ್ಲ, ಎಣ್ಣಿ ನೀರು ಬಿಸಲು ಮೂರೂ ಹದ ಕೂಡಿದ್ರೇ ಬಿಡ್ತದ. ಒಂದು ಕ್ವಿಂಟಲ್ ತೊಗರಿಗಿ 70-75 ಕಿಲೋ ಬ್ಯಾಳಿ ಬರ್ತದ, ಉಳಿದದ್ದು ನುಚ್ಚು, ಚುನ್ನಿ (ಪುಡಿ), ಹೊಟ್ಟು. ನಮ್ಮ ಮಿಸ್ತ್ರಿ ಕಾಳು ಹಲ್ಲಾಗ ಕಚ್ಚಿ ಒಂದು ಸಲ ಅಂಗೈಯಾಗ ತಿಕ್ಕಿದ್ರ ಸಾಕು, ಇನ್ನೂ ಎಷ್ಟು ಬಿಸಲು ಬೇಕು ಅಂತ ಹೇಳ್ತಿದ್ದ, ಅವನ ಕೈಯಾಗ ಕ್ವಿಂಟಲಿಗಿ 2 ಕಿಲೋ ಹೆಚ್ಚಿಗಿ ಬ್ಯಾಳಿ ಬೀಳ್ತಿತ್ತು. 50 ಕ್ವಿಂಟಲ್ ಲಾಟಿಗಿ ಅದು ಪೂರಾ 1 ಕ್ವಿಂಟಲ್ ಆಯ್ತು. 2019ರಾಗ ಕಲಬುರಗಿ ತೊಗರಿ ಬ್ಯಾಳಿಗಿ ಜಿಐ ಟ್ಯಾಗ್ (ಇದು ಈ ಭಾಗದ್ದೇ ಮಾಲು ಅನ್ನೋ ಸರ್ಕಾರಿ ಗುರುತು) ಸಿಕ್ತಲ್ಲ, ಅವಾಗ ಎಲ್ಲಾರೂ ನಮ್ಮ ಮಣ್ಣಿನ ಬಗ್ಗೆ ಮಾತಾಡಿದ್ರು, ಖರೇನೇ, ಆದ್ರ ನನಗ ಇಂಥ ಮಿಸ್ತ್ರಿಗಳ ಅಂಗೈನೂ ನೆನಪಾಯ್ತು.

ಈಗ ಆ ರಾತ್ರಿ ಕಥಿ. ಜನವರಿ ತಿಂಗಳು, ಗಂಜಿನ್ಯಾಗ (ಕಾಳಿನ ಮಾರ್ಕೆಟ್‌ದಾಗ) ಹೊಸ ಮಾಲು ಸುರಿಲತ್ತಿತ್ತು, ಮಿಲ್ಲಿನ್ಯಾಗ ಎರಡು ಶಿಫ್ಟ್. ರಾತ್ರಿ ಪಾಳಿ ಹುಡುಗ ನೋಡ್ಯಾನ, ನೀರು ಜಾಸ್ತಿ ಬೀಳಲತ್ತದ, ಕಾಳು ಕೈಗಿ ಹಸಿ ಹತ್ತಲತ್ತಾವ. ಮಿಸ್ತ್ರಿ ಹತ್ತು ಹೆಜ್ಜಿ ದೂರ ಮಂಚದ ಮ್ಯಾಲ ಮಲಗಿದ್ದ, ಹುಡುಗ ಎಬ್ಬಿಸಿಲ್ಲ. ಯಾಕಂದ್ರ ಹಿಂದಿನ ವಾರ ಮಷಿನ್ ಪಟ್ಟಾ (ಬೆಲ್ಟ್) ಜಾರಲತ್ತದ ಅಂತ ಎಬ್ಬಿಸಿದ್ದಕ್ಕ ಹತ್ತು ಮಂದಿ ಮುಂದ ಅವ್ವನ ಹೆಸರು ತಗೊಂಡು ಬೈದು ಕಪಾಳಕ್ಕ ಹೊಡದಿದ್ದ. ಮುಂಜಾನಿ ನೋಡಿದ್ರ 40 ಕ್ವಿಂಟಲ್ ಪೂರಾ ನೆಂದಾವ, ಮತ್ತ ಎರಡು ದಿನ ಒಣಗಿಸಿದ್ವಿ, ಬ್ಯಾಳಿ ಬಣ್ಣ ಹೋಯ್ತು, ರೇಟ್ ಮುರೀತು. ಸೇಠರು ಹುಡುಗಗೇ ಬೈದ್ರು, ನಾನು ಅಲ್ಲೇ ರಿಜಿಸ್ಟರ್ ಹಿಡ್ಕೊಂಡು ನಿಂತಿದ್ದೆ, ಒಂದು ಮಾತು ಆಡಲಿಲ್ಲ. ಆ ಸಂಜಿಗೇ ಹುಡುಗ ಎಂಟು ದಿನದ ಪಗಾರ ಸೈತ ಕೇಳದೆ ಊರಿಗಿ ಹೋದ.

ಹಂಗಾದ್ರ ಮಾಡೋದೇನು. ಮೊದಲನೇ ಕೆಲಸ, ಜಗಳಕ್ಕ ಹೋಗಬ್ಯಾಡ್ರಿ, ಹದಿನೈದು ದಿನ ಸುಮ್ನ ನೋಡ್ರಿ. ಯಾರ ಮುಂದ ಹ್ಯಾಂಗ ಇರ್ತಾನ ಅಂತ. ಸೇಠರ ಮುಂದ, ದಲ್ಲಾಳಿ ಮುಂದ, ಬ್ಯಾಂಕಿನವ್ರು ಬಂದಾಗ, ಮತ್ತ ಹಮಾಲರ ಮುಂದ, ಬ್ಯಾಳಿ ಹರವೋ ಹೆಣ್ಮಕ್ಕಳ ಮುಂದ. ನಮ್ಮ ಮಿಸ್ತ್ರಿ ಸೇಠರ ಅಣ್ಣಾರು ಬಂದ್ರ ಕುರ್ಚಿ ಒರಸಿ ಕೊಡ್ತಿದ್ದ, "ಆರಾಮ ಇದ್ದೀರೇನ್ರಿ" ಅಂತ ಎಷ್ಟು ಮೆತ್ತಗ ಕೇಳ್ತಿದ್ದ! ಅಂದ್ರ ಅವಂಗ ಮಾತಾಡ್ಲಿಕ್ಕ ಬರ್ತದ, ಸಿಟ್ಟು ನುಂಗ್ಲಿಕ್ಕೂ ಬರ್ತದ, ಹಮಾಲನ ಮುಂದ ನುಂಗೋ ಗರಜು ಇಲ್ಲ ಅಷ್ಟೇ. ಇದು ಕಂಡ ಮ್ಯಾಲ "ಸ್ವಭಾವ" ಅನ್ನೋ ಮಾತು ನಾನು ಬಿಟ್ಟೆ.

ಇದಕ್ಕ ಪೂರಾ ಬ್ಯಾರೆ ಥರದವ್ರೂ ಇರ್ತಾರ, ಅವ್ರನ್ನ ಇದರಾಗ ಸೇರಿಸಬ್ಯಾಡ್ರಿ, ದಯವಿಟ್ಟು. ನಮ್ಮಲ್ಲಿ ಮೋಟರ್ ನೋಡೋ ಒಬ್ಬ ಹುಡುಗ ಅದಾನ, ಮಾರಿ ನೋಡಿ ಮಾತಾಡಂಗಿಲ್ಲ, ನಮಸ್ಕಾರ ಅಂದ್ರ ಉತ್ತರ ಇಲ್ಲ, ನಡಬರಕ ಎದ್ದು ಹೋಗ್ತಾನ, ಒಮ್ಮೊಮ್ಮಿ ಸೇಠರಿಗೇ "ನಿಮಗ ತಿಳಿಯಂಗಿಲ್ಲ" ಅಂತಾನ. ಅವ ಎಲ್ಲಾರ ಜೋಡಿನೂ ಹಂಗೇ, ಸೇಠ್ ಇರ್ಲಿ ಹಮಾಲ ಇರ್ಲಿ. ಯಾರನ್ನೂ ಸಣ್ಣವ್ರು ಮಾಡಬೇಕು ಅಂತ ಅವನ ಮನಸಿನ್ಯಾಗಿಲ್ಲ. ಅವಂಗ ಎದುರು ನಿಂತು ಹೇಳೋಕಿಂತ ಕೆಲಸ ವಾಟ್ಸಾಪ್‌ದಾಗ ಬರದು ಕಳಿಸ್ರಿ, ಗದ್ದಲ ಇಲ್ಲದ ಟೈಮ್ ಕೊಡ್ರಿ, ಸಾಕು. ಅವನ ಕೆಲಸ ಸಾಧಾರಣ ಇದ್ರೂ ನಾನು ಇಷ್ಟೇ ಮಾಡ್ತಿದ್ದೆ. ಮಿಸ್ತ್ರಿ ವಿಷಯದಾಗ ಅವನ ಕೆಲಸ ಇನ್ನೂ ನಾಲ್ಕು ಪಟ್ಟು ಛಲೋ ಇದ್ರೂ ಆ ಕಪಾಳಕ್ಕ ಹೊಡದದ್ದು ಮಾಫ್ ಆಗಬಾರ್ದಿತ್ತು.

ಎರಡನೇದು ಹಿಸಾಬ. ಸೇಠರಿಗಿ "ಪಾಪ ಹುಡುಗ್ರು" ಅಂದ್ರ ನಾಟಂಗಿಲ್ಲ, ರಿಜಿಸ್ಟರ್ ತೋರಿಸಿದ್ರ ನಾಟ್ತದ. ಒಂದು ವರ್ಷದಾಗ ಎಷ್ಟು ಮಂದಿ ಬಿಟ್ಟು ಹೋದ್ರು, ಹೊಸಬ ಕಲಿಲಿಕ್ಕ ಎಷ್ಟು ದಿನ ಹಿಡೀತು, ಅಷ್ಟರಾಗ ನುಚ್ಚು ಎಷ್ಟು ಬಿತ್ತು, ಯಾರರ ಬಾಯಿ ಬಿಟ್ಟು ಹೇಳಿದ್ರ ಉಳಿತಿದ್ದ ಲಾಟು ಯಾವ್ಯಾವು. ನಾನು ಬರದಾಗ ಒಂದು ಹಂಗಾಮಿಗಿ ಮೂರು ಹುಡುಗ್ರು ಹೋಗಿದ್ರು. ಮಿಸ್ತ್ರಿಯಿಂದ ಹೆಚ್ಚಿಗಿ ಬಂದ ಆ 2 ಕಿಲೋ ಒಂದು ಕಡಿ, ಈ ಲೆಕ್ಕ ಇನ್ನೊಂದು ಕಡಿ ಇಟ್ಟಾಗ ಸೇಠರು ಸ್ವಲ್ಪ ಹೊತ್ತು ಸುಮ್ನ ಕುಂತ್ರು.

ಆಮ್ಯಾಲ ಮಾತು. ಹಂಗಾಮಿನ ನಡುವ ಬ್ಯಾಡ, ಮಂದಿ ಮುಂದ ಬ್ಯಾಡ. ಅಮಾಸಿ ದಿನ ಮಷಿನ್ ಪೂಜಾ ಮಾಡಿ ಮಿಲ್ ಬಂದ್ ಇಡ್ತೀವಲ್ಲ, ಅವತ್ತು ಟೆಂಗಿನಕಾಯಿ ಒಡದ ಮ್ಯಾಲ ಒಬ್ಬನ್ನೇ ಕೂಡಿಸ್ಕೊಂಡ್ವಿ, ಸೇಠರು, ಅವ, ನಾನು. ಸೇಠರು ಇರ್ಲೇಬೇಕು, ಮುನೀಮನ ಮಾತಿಗಿ ತೂಕ ಇರಂಗಿಲ್ಲ. ನಾನು ಹಿಂಗ ಹೇಳಿದೆ, "ಉಸ್ತಾದ್, ನಿಮ್ಮ ಕೆಲಸದ ಮ್ಯಾಲ ಯಾರದೂ ಒಂದು ಮಾತಿಲ್ಲ. ಹುಡುಗ ತಪ್ಪು ಮಾಡಿದ್ರ ತಪ್ಪು ಅನ್ರಿ, ಜೋರಾಗೇ ಅನ್ರಿ, ಮತ್ತ ಮಾಡಸ್ರಿ. ಆದ್ರ ಅವ್ವ-ಅಪ್ಪನ ಹೆಸರು ತಗೊಳಂಗಿಲ್ಲ, ಜಾತಿ ಎತ್ತಂಗಿಲ್ಲ, ಕೈ ಎತ್ತಂಗಿಲ್ಲ." ಈ ಮೂರೇ ಹೇಳ್ರಿ, "ಸ್ವಲ್ಪ ಪ್ರೀತಿಯಿಂದ ಇರ್ರಿ" ಅಂತೆಲ್ಲಾ ಹೇಳ್ಕೋತ ಹೋದ್ರ ಅವಂಗ ಏನು ಬಿಡಬೇಕು ಅನ್ನೋದೇ ತಿಳಿಯಂಗಿಲ್ಲ. "ನಾನು ಕಲಿಯೋವಾಗ ನನ್ನ ಉಸ್ತಾದ್ ಪಾನಾ (ಸ್ಪ್ಯಾನರ್) ತಗೊಂಡು ಹೊಡಿತಿದ್ದ" ಅಂತ ಅಂದೇ ಅಂತಾರ, ನಮ್ಮವನೂ ಅಂದ. ಅವಾಗ ಕೇಳ್ರಿ, ನಿಮ್ಮ ಜೋಡಿ ಕಲಿಲಿಕ್ಕ ಬಂದವ್ರು ಎಷ್ಟು ಮಂದಿ ಇದ್ರಿ, ಕಡಿತನ ಉಳಿದವ್ರು ಎಷ್ಟು ಮಂದಿ ಅಂತ. ಅವ ಬೆರಳು ಎಣಿಸಿದ, ಐದು ಮಂದಿಯಾಗ ಅವನೊಬ್ಬನೇ ಉಳದಿದ್ದ.

ಕಾಯ್ದೆನೂ ಗೊತ್ತಿರ್ಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವ್ರಿಗಿ ನಾಲ್ಕು ಮಂದಿ ಕಾಣೋ ಕಡಿ ಜಾತಿ ಎತ್ತಿ ಬೈದ್ರ 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ ಅದು ಅಪರಾಧ, ಮನ್ಯಾಗಿನ ಮಾತಲ್ಲ. ಹೆಣ್ಮಕ್ಕಳ ಜೋಡಿ ಅಸಯ್ಯ ಮಾತು, ಅಸಯ್ಯ ನಡತಿ ಇದ್ರ ಕೆಲಸದ ಜಾಗದಾಗ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಅದ, 10 ಮಂದಿ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡೋ ಕಡಿ ಒಳಗೇ ಒಂದು ಸಮಿತಿ ಇರ್ಬೇಕು, ಅದಕ್ಕಿಂತ ಕಡಿಮಿ ಇದ್ರ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗಿ ದೂರು ಕೊಡಬಹುದು. ಇಲ್ಲಿ ಅಮಾಸಿ ತನ ಕಾಯೋ ಮಾತೇ ಇಲ್ಲ, ಕೈ ಎಷ್ಟೇ ಛಲೋ ಇರ್ಲಿ.

ಎಲ್ಲಾಕ್ಕಿಂತ ಹೆಚ್ಚು ಕೆಲಸ ಕೊಟ್ಟಿದ್ದು ಎರಡನೇ ಕೈ ತಯಾರು ಮಾಡಿದ್ದು. ಇಂಥವ್ರು ಯಾರಿಗೂ ಪೂರಾ ಕಲಿಸಂಗಿಲ್ಲ, ಅದ್ರಾಗೇ ಅವ್ರ ಜೋರು ಇರ್ತದ, ನಾ ಇಲ್ಲಂದ್ರ ಮಿಲ್ ಬಂದ್ ಅಂತ. ನಾವು ಅವನ ಪಗಾರ ಕಡಿಮಿ ಮಾಡಲಿಲ್ಲ, ಉಲ್ಟಾ, ಒಬ್ಬ ಹುಡುಗ ಕಲ್ತು ತಾನೇ ಒಂದು ಲಾಟು ಸರಿ ತೆಗದ್ರ ಮಿಸ್ತ್ರಿಗಿ ಬ್ಯಾರೆ ರೊಕ್ಕ ಅಂತ ಇಟ್ವಿ. ಹುಡುಗ ಒಂದು ನೋಟ್‌ಬುಕ್ ಇಟ್ಟ, ಯಾವ ಊರಿನ ತೊಗರಿ, ಎಷ್ಟು ಎಣ್ಣಿ, ಎಷ್ಟು ಬಿಸಲು, ಮಿಸ್ತ್ರಿ ಕಚ್ಚಿ ಏನಂದ. ಬೀದರದಾಗ ಬಿದ್ರಿ ಮಾಡೋರನ್ನ ನೋಡ್ರಿ, ಎರಕ ಹೊಯ್ಯೋದು, ಕೊರಿಯೋದು, ಬೆಳ್ಳಿ ಕೂಡಿಸೋದು, ಕ್ವಾಟಿ (ಕೋಟೆ) ಮಣ್ಣಿನ್ಯಾಗ ಕಪ್ಪು ಮಾಡೋದು, ಒಂದು ಹೂದಾನಿ ಎಷ್ಟು ಕೈ ದಾಟಿ ಬರ್ತದ, ನಡುವ ಒಬ್ಬ ಮುನಸ್ಕೊಂಡು ಕುಂತ್ರ ಅಲ್ಲೇ ನಿಲ್ತದ. ಕಲಿಸೋ ಉಸ್ತಾದ್ ಇದ್ದಾನಂತನೇ ಆ ಕೆಲಸ ಇಷ್ಟು ತಲೆಮಾರು ಬಂದದ.

ನಮ್ಮ ಮಿಸ್ತ್ರಿ ಆ ಅಮಾಸಿ ಆದ ಮ್ಯಾಲ ಮೂರು ದಿನ ಬರಲಿಲ್ಲ, ಫೋನ್ ಎತ್ತಲಿಲ್ಲ. ಕರಿಲಿಕ್ಕ ಹೋಗಬ್ಯಾಡ್ರಿ ಅಂತ ಸೇಠರಿಗಿ ನಾನೇ ಕೈ ಮುಗಿದೆ. ನಾಲ್ಕನೇ ದಿನ ಬಂದ, ಏನೂ ಆಗಿಲ್ಲ ಅನ್ನಂಗ ಪಾನಾ ತಗೊಂಡು ರೋಲ್ ಬಿಚ್ಲತ್ತಿದ. ಈಗೂ ಒದರ್ತಾನ, ಆದ್ರ ಆ ಮೂರು ಬಿಟ್ಟಾನ. ಬಿಟ್ಟು ಹೋದ ಹುಡುಗನ ಮನಿಗಿ ನಾನು ಎರಡು ಸಲ ಹೋದೆ, ಎಂಟು ದಿನದ ಪಗಾರ ಕೊಟ್ಟು ಬಂದೆ, ಅವ ಮಾತ್ರ ವಾಪಸ್ ಬರಲಿಲ್ಲ.

ನಿಮ್ಮವ ಬಿಡಲಿಲ್ಲಂದ್ರ ದೀಪಾವಳಿ ಒಳಗೇ ತೀರ್ಮಾನ ಮಾಡ್ರಿ, ಡಿಸೆಂಬರ್‌ದಾಗ ತೊಗರಿ ಬರ್ಲಿಕ್ಕ ಶುರು ಆದ ಮ್ಯಾಲ ನಿಮಗ ಧೈರ್ಯ ಬರಂಗಿಲ್ಲ. ಕಳಿಸೋವಾಗ ಬಾಯಿ ಹೊಲಸು ಮಾಡ್ಕೋಬ್ಯಾಡ್ರಿ, ಅವನ ಕೆಲಸಕ್ಕ ಶಾಲು ಹೊದಿಸೇ ಕಳಿಸ್ರಿ, ಬಾಕಿ ಪಗಾರ ಕೈಯಾಗ ಇಡ್ರಿ, ಐದು ವರ್ಷ ದಾಟಿದ್ರ ಗ್ರಾಚುಟಿ ಹಿಸಾಬನೂ ಬರದು ಸಹಿ ತಗೋರಿ.