ಹಳೇ ಪೆಂಟಿಯಂ 4ರಲ್ಲಿ ಮೇಲ್ ಸರ್ವರ್: ನಾನು ಪ್ಯಾಕೇಜ್ ಆರಿಸಿದ ರೀತಿ

ದಾವಣಗೆರೆ ಎಪಿಎಂಸಿ ಯಾರ್ಡ್‌ನ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಅಲ್ಲಿ ಮೂಲೆಯಲ್ಲಿ ಒಂದು ಪೆಂಟಿಯಂ 4 ಇತ್ತು, ರ್‍ಯಾಮ್ 1 ಜಿಬಿ. "ಕೆಟ್ಟಿಲ್ಲ ಅಂದ್ಮೇಲೆ ಗುಜರಿಗೆ ಯಾಕಪ್ಪಾ? ಅಂಗಡಿ ಮೇಲ್ ಅದರಲ್ಲೇ ಬರೋ ಹಂಗೆ ಮಾಡು" ಅಂದರು ಸಾಹುಕಾರರು. ನನಗೂ ಅದೇ ಆಸೆ ಇತ್ತು.

ಮೊದಲು ನೋಡಿದ್ದು ಪ್ರೊಸೆಸರ್. ಸಿಪಿಯು ಮಾಹಿತಿಯ ಫೈಲ್ ತೆರೆದು ಫ್ಲ್ಯಾಗ್‌ಗಳ ಸಾಲಲ್ಲಿ 'ಎಲ್‌ಎಂ' (64 ಬಿಟ್ ನಡೆಸಬಲ್ಲದು ಅನ್ನುವ ಗುರುತು) ಇದೆಯಾ ಅಂತ ಹುಡುಕಿದೆ. ಇಲ್ಲ. ಅಂದರೆ ಇದು ಬರೀ 32 ಬಿಟ್. ಇಷ್ಟು ಗೊತ್ತಾದರೆ ಅರ್ಧ ಹುಡುಕಾಟ ಮುಗಿದ ಹಾಗೆ, ಯಾಕಂದರೆ ಎಲ್ಲವನ್ನೂ ಒಟ್ಟಿಗೆ ಕೂರಿಸಿಕೊಡುವ ದೊಡ್ಡ ಮೇಲ್ ಕಟ್ಟುಗಳು ಅಲ್ಲೇ ಬಿದ್ದು ಹೋಗುತ್ತವೆ. ಮೇಲ್‌ಕೌ ಕನಿಷ್ಠ 6 ಜಿಬಿ ರ್‍ಯಾಮ್ ಕೇಳುತ್ತದೆ. ಮೇಲ್-ಇನ್-ಎ-ಬಾಕ್ಸ್‌ಗೆ 64 ಬಿಟ್ ಉಬುಂಟುವೇ ಬೇಕು. ಸುಮ್ನೆ ಅವುಗಳ ಹಿಂದೆ ಸಮಯ ಹಾಳು ಮಾಡಬೇಡಿ.

ಆಪರೇಟಿಂಗ್ ಸಿಸ್ಟಂಗೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿದೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ (ಸಿಸ್ಟಂನ ತಿರುಳು) ಇಲ್ಲ. 12ಕ್ಕೆ 2028ರ ಜೂನ್‌ವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಹಳೇ ಮಷಿನ್ ಅಂತ ಹಳೇ ಡೆಬಿಯನ್ 8ನ್ನೋ 9ನ್ನೋ ಹಾಕಿ ಇಂಟರ್ನೆಟ್‌ಗೆ ತೆರೆದಿಡುವವರಿದ್ದಾರೆ, ಮೇಲ್ ಸರ್ವರ್ ವಿಷಯದಲ್ಲಿ ಅದು ಬೇಡವೇ ಬೇಡ.

ಇನ್ನು ಪ್ಯಾಕೇಜ್‌ಗಳು, ಅಂದರೆ ಸಿಸ್ಟಂಗೆ ಸೇರಿಸುವ ಸಿದ್ಧ ಪ್ರೋಗ್ರಾಂಗಳು. ಮೇಲ್ ಕಳಿಸಲು, ತಗೊಳ್ಳಲು ಪೋಸ್ಟ್‌ಫಿಕ್ಸ್. ಓದಲು ಡವ್‌ಕಾಟ್. ಎರಡೂ ಡೆಬಿಯನ್ ಭಂಡಾರದಲ್ಲೇ 32 ಬಿಟ್‌ಗೆ ಸಿಗುತ್ತವೆ, ಹೊರಗಿನಿಂದ ಏನೂ ತಂದು ಕಂಪೈಲ್ ಮಾಡಬೇಕಿಲ್ಲ. ಬಳಕೆದಾರರ ಹೆಸರು, ಪಾಸ್‌ವರ್ಡ್‌ಗೆ ಡೇಟಾಬೇಸ್ ಹಾಕಲಿಲ್ಲ. ಬೆರಳೆಣಿಕೆಯ ಜನಕ್ಕೆ ಮೈಎಸ್‌ಕ್ಯೂಎಲ್ ಯಾಕೆ? ಒಂದು ಟೆಕ್ಸ್ಟ್ ಫೈಲ್ ಸಾಕು. ಬ್ರೌಸರ್‌ನಲ್ಲಿ ಮೇಲ್ ನೋಡುವ ವೆಬ್‌ಮೇಲ್ ಕೂಡ ಬಿಟ್ಟೆ, ಮೇಲ್ ಓದಲು ಗುಮಾಸ್ತರ ಪಿಸಿಯಲ್ಲಿ ಥಂಡರ್‌ಬರ್ಡ್ ಇದೆ, ಮೊಬೈಲ್‌ನಲ್ಲಿ ಕೆ-9.

ಪ್ಯಾಕೇಜ್ ಹಾಕುವ ಮುಂಚೆ ಪ್ರತಿ ಸಲ ಅದನ್ನು ಹಾಕುವ ಆಜ್ಞೆಯಾದ ಆಪ್ಟ್‌ಗೆ 'ಮೈನಸ್ ಎಸ್' (-s) ಕೊಟ್ಟು ನೋಡುತ್ತಿದ್ದೆ. ಆಗ ಅದು ಏನನ್ನೂ ಹಾಕುವುದಿಲ್ಲ, ಏನೇನು ಹಾಕುತ್ತೇನೆ ಅಂತ ಪಟ್ಟಿ ಮಾತ್ರ ತೋರಿಸುತ್ತದೆ. ಇದ್ದರೆ ಒಳ್ಳೆಯದು ಅನ್ನುವ ಹೆಚ್ಚುವರಿ ಪ್ಯಾಕೇಜ್ ಬೇಡ ಅನ್ನುವ 'ನೋ-ಇನ್‌ಸ್ಟಾಲ್-ರೆಕಮೆಂಡ್ಸ್' ಸೇರಿಸಿ ಮತ್ತೆ ನೋಡಿದರೆ ಪಟ್ಟಿ ಸಣ್ಣದಾಗಿರುತ್ತದೆ. ಇಷ್ಟು ಕಡಿಮೆ ರ್‍ಯಾಮ್ ಇದ್ದಾಗ ಈ ಅಭ್ಯಾಸಕ್ಕಿಂತ ದೊಡ್ಡ ಉಪಕಾರ ಇಲ್ಲ.

ಸ್ಪ್ಯಾಮ್‌ದೇ ದೊಡ್ಡ ತಲೆನೋವು. ಮೇಲ್‌ನಲ್ಲಿ ವೈರಸ್ ಹುಡುಕುವ ಕ್ಲ್ಯಾಮ್‌ಎವಿಗೆ ಅದನ್ನು ಮಾಡಿದವರೇ ಹೇಳುವ ಮೆಮೊರಿ ಲೆಕ್ಕ 3 ಜಿಬಿಗಿಂತ ಜಾಸ್ತಿ, ಹಾಗಾಗಿ ಆ ಆಸೆ ಬಿಟ್ಟೆ. ಸ್ಪ್ಯಾಮ್ ತಡೆಯಲು ಪೋಸ್ಟ್‌ಫಿಕ್ಸ್ ಒಳಗೇ ಇರುವ, ಬಾಗಿಲಲ್ಲೇ ಸ್ಪ್ಯಾಮ್ ಯಂತ್ರಗಳನ್ನು ತಡೆಯುವ ಪೋಸ್ಟ್‌ಸ್ಕ್ರೀನ್, ಜೊತೆಗೆ ಪೋಸ್ಟ್‌ಗ್ರೇ. ಪೋಸ್ಟ್‌ಗ್ರೇ ಗೊತ್ತಿಲ್ಲದ ಕಡೆಯಿಂದ ಬಂದ ಮೇಲ್‌ಗೆ ಮೊದಲ ಸಲ 'ಆಮೇಲೆ ಬಾ' ಅನ್ನುತ್ತದೆ. ಸರಿಯಾದ ಸರ್ವರ್ ಆದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸುತ್ತದೆ, ಸ್ಪ್ಯಾಮ್ ಕಳಿಸುವ ಎಷ್ಟೋ ಪ್ರೋಗ್ರಾಂಗಳು ತಿರುಗಿ ಬರುವುದೇ ಇಲ್ಲ. ಮೆಮೊರಿ ಖರ್ಚು ಏನೂ ಇಲ್ಲ ಅನ್ನಬಹುದು. ಮೊದಲ ಮೇಲ್ ತಡ ಆಗುತ್ತದೆ, ಇದನ್ನು ಸಾಹುಕಾರರಿಗೆ ಮುಂಚೆಯೇ ಹೇಳಿಟ್ಟೆ.

ಇಂಟರ್ನೆಟ್ ಲೈನ್‌ಗೆ ಸ್ಟ್ಯಾಟಿಕ್ ಐಪಿ (ಬದಲಾಗದ ವಿಳಾಸ) ಇತ್ತು, ಆದರೆ ಇಂಟರ್ನೆಟ್ ಕೊಡುವವರು ಸರ್ವರ್‌ನಿಂದ ಸರ್ವರ್‌ಗೆ ಮೇಲ್ ಹೋಗುವ ದಾರಿಯಾದ ಪೋರ್ಟ್ 25ನ್ನು ಹೊರಗೆ ಹೋಗುವ ಕಡೆ ಮುಚ್ಚಿದ್ದರು. ಹಾಗಾಗಿ ಕಳಿಸುವ ಮೇಲ್ ಎಲ್ಲಾ ಪೋರ್ಟ್ 587ರ ಮೂಲಕ ಒಂದು ರಿಲೇ ಸೇವೆಗೆ (ನಮ್ಮ ಪರವಾಗಿ ಮೇಲ್ ಮುಂದಕ್ಕೆ ಕಳಿಸುವವರು) ಹೋಗುತ್ತದೆ. ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ ಹೆಸರುಗಳ ಪಟ್ಟಿ) ನಮ್ಮ ಹೆಸರಲ್ಲಿ ಯಾರು ಮೇಲ್ ಕಳಿಸಬಹುದು ಅಂತ ಹೇಳುವ ಎಸ್‌ಪಿಎಫ್ ದಾಖಲೆಗೆ ಆ ರಿಲೇ ಸೇರಿಸಲೇಬೇಕು, ಮೇಲ್ ನಮ್ಮದೇ ಅಂತ ತೋರಿಸುವ ಡಿಕಿಮ್ ಸಹಿಯೂ ಬೇಕು, ಇಲ್ಲಾಂದ್ರೆ ಮೇಲ್ ಸ್ಪ್ಯಾಮ್ ಫೋಲ್ಡರ್‌ಗೇ.

ಇನ್ನೊಂದು, ಹಳೇ ಮಷಿನ್‌ದೇ ಕಾಟ. ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರ್ಟಿಫಿಕೇಟ್‌ಗಳು 'ಇನ್ನೂ ಜಾರಿಗೆ ಬಂದಿಲ್ಲ' ಅಂತ ರಿಲೇ ಜೊತೆಗಿನ ಟಿಎಲ್‌ಎಸ್ (ಗುಪ್ತಲಿಪಿಯ) ಸಂಪರ್ಕ ಕೈಕೊಡುತ್ತದೆ. ಹೊಸ ಸೆಲ್ ಹಾಕಿ, ಇಂಟರ್ನೆಟ್‌ನಿಂದ ಸಮಯ ಸರಿಪಡಿಸುವ ಕ್ರೋನಿ ಪ್ಯಾಕೇಜನ್ನೂ ಹಾಕಿ.

2028 ಆದ ಮೇಲೆ? 32 ಬಿಟ್‌ಗೆ ಇನ್ನೂ ಬರುತ್ತಿರುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಪನ್‌ಬಿಎಸ್‌ಡಿಯಲ್ಲಿ ಮೇಲ್ ಸರ್ವರ್ ಪ್ರೋಗ್ರಾಂ ಓಪನ್‌ಎಸ್‌ಎಂಟಿಪಿಡಿ ಜೊತೆಗೇ ಸಿಗುತ್ತದೆ, ನನ್ನ ಕಣ್ಣು ಅದರ ಮೇಲಿದೆ. ಅಂಗಡಿಯ ಮೇಲ್‌ಗಳನ್ನು ಮೇಲ್‌ಡಿರ್ ರೂಪದಲ್ಲೇ ಇಟ್ಟಿದ್ದೇನೆ, ಒಂದು ಮೇಲ್‌ಗೆ ಒಂದು ಫೈಲ್, ಆರ್‌ಸಿಂಕ್ (ಫೈಲ್ ನಕಲಿಸುವ ಪ್ರೋಗ್ರಾಂ) ಮಾಡಿ ಎಲ್ಲಿಗೆ ಬೇಕಾದರೂ ಒಯ್ಯಬಹುದು.