ಗಂಗಾವತಿಯಲ್ಲಿ ಕೂತು ‘ಫೇಬಲ್ಸ್’ ಓದುವ ಕ್ರಮ

ತಮ್ಮ ನಾಡು ಕಳೆದುಕೊಂಡ ಅಜ್ಜಿಕಥೆಗಳ ಪಾತ್ರಗಳು ನ್ಯೂಯಾರ್ಕಿನ ಒಂದು ಬೀದಿಯಲ್ಲಿ ಗುಟ್ಟಾಗಿ ಬದುಕುವುದೇ ಬಿಲ್ ವಿಲಿಂಗ್‌ಹ್ಯಾಮ್ ಬರೆದ ‘ಫೇಬಲ್ಸ್’ ಎಂಬ ಇಂಗ್ಲಿಷ್ ಕಾಮಿಕ್ಸ್ ಸರಣಿ. 2002ರಿಂದ 2015ರವರೆಗೆ 150 ಸಂಚಿಕೆ, ಅವನ್ನು ಕೂಡಿಸಿದ 22 ಸಂಪುಟ.

ಅಂಜನಾದ್ರಿ, ಪಂಪಾಸರೋವರ ನೋಡುತ್ತ ಬೆಳೆದವರಿಗೆ ಕಥೆಯವರು ಪಕ್ಕದಲ್ಲೇ ಇದ್ದಾರೆಂಬುದು ಹೊಸದಲ್ಲ. ಆದರೆ ಯುರೋಪಿನ ಕಥೆಗಳು ನಮಗೆ ಅರ್ಧಂಬರ್ಧ ಗೊತ್ತು. ಅದಕ್ಕೇ ಮೊದಲ ಸಂಪುಟಕ್ಕೆ ಮುಂಚೆ ಗ್ರಿಮ್ ಸೋದರರ ಸಂಗ್ರಹದ 53 ಮತ್ತು 161ನೇ ಕಥೆ ಓದಿಕೊಳ್ಳುತ್ತೇನೆ. ಎರಡರಲ್ಲೂ ಸ್ನೋ ವೈಟ್ ಇದ್ದಾಳೆ, ಆದರೆ ಅವರು ಬೇರೆ ಬೇರೆ ಹುಡುಗಿಯರು. ಏಳು ಕುಳ್ಳರದು 53. ತಂಗಿ ರೋಸ್ ರೆಡ್ ಬರುವುದು 161ರಲ್ಲಿ. ವಿಲಿಂಗ್‌ಹ್ಯಾಮ್ ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿದ್ದಾರೆ. ಇದು ತಿಳಿಯದಿದ್ದರೆ ಅಕ್ಕ-ತಂಗಿಯರ ಜಗಳ ಎಲ್ಲಿಂದ ಹುಟ್ಟಿತೋ ಅನಿಸುತ್ತದೆ. ಜೊತೆಗೆ ಕಪ್ಪೆರಾಜನ ಕಥೆ (1), ಹ್ಯಾನ್ಸೆಲ್-ಗ್ರೆಟೆಲ್ (15), ಕೆಂಪು ಟೋಪಿಯ ಹುಡುಗಿ (26) ಸಾಕು.

ಕೊಳ್ಳುವಾಗ ಹೆಚ್ಚು ಎಡವುವುದು ಸಂಪುಟದ ಅಂಕಿಯಲ್ಲಿ. ಸಾದಾ ರಟ್ಟಿನ 1ನೇ ಸಂಪುಟದಲ್ಲಿ 1–5ನೇ ಸಂಚಿಕೆ. ಗಟ್ಟಿ ರಟ್ಟಿನ ಡಿಲಕ್ಸ್‌ನ ಮೊದಲ ಪುಸ್ತಕದಲ್ಲಿ 1–10. ಸಾದಾ 1 ಮುಗಿಸಿ ಡಿಲಕ್ಸ್ 2 ತರಿಸಿದರೆ ಐದು ಸಂಚಿಕೆ ತಪ್ಪಿಹೋಗುತ್ತವೆ. ಆದ್ದರಿಂದ ಆರ್ಡರ್ ಮಾಡುವ ಮುಂಚೆ ಒಳಗಿರುವ ಸಂಚಿಕೆಗಳ ಅಂಕಿ ನೋಡಬೇಕು. 22ನೇ ಸಂಚಿಕೆ ಸಾದಾ 4ನೇ ಸಂಪುಟದಲ್ಲಿ ಇಲ್ಲ, ಸಾದಾ 5ರಲ್ಲಿದೆ. ಪುಟ ಬಿಟ್ಟಿದೆ ಎಂದು ಮರಳಿಸಬೇಡಿ.

ಇದೇ ಲೋಕದ ಬಿಡಿ ಪುಸ್ತಕ ‘1001 ನೈಟ್ಸ್ ಆಫ್ ಸ್ನೋಫಾಲ್’. ಅದರ ಕಥೆ ಮುಖ್ಯ ಸರಣಿಗಿಂತ ಹಿಂದಿನ ಕಾಲದ್ದು, ಅದನ್ನೇ ಮೊದಲು ಓದಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಗ್ಬಿ ತೋಳನ ಹುಟ್ಟು, ಮಾಟಗಾತಿಯ ಹಳೆಯ ಬದುಕು ಅಲ್ಲೇ ಬಯಲಾಗುವುದರಿಂದ, ಮುಖ್ಯ ಸರಣಿ ನಿಧಾನವಾಗಿ ಕಟ್ಟುವ ಕುತೂಹಲ ಸಡಿಲವಾಗುತ್ತದೆ. ಸಾದಾ 6ನೇ ಸಂಪುಟದ ಆಮೇಲೆ, 10ಕ್ಕೆ ಮುಂಚೆ ಓದುವುದು ಸರಿ: ಕಪ್ಪೆರಾಜ ಫ್ಲೈಕ್ಯಾಚರ್‌ನ ದುಃಖ ಅಲ್ಲಿ ತಿಳಿದಿದ್ದರೆ 10ನೇ ಸಂಪುಟ ಎದೆಗೆ ತಾಕುತ್ತದೆ. ನನಗಂತೂ ಇಡೀ ಸರಣಿಯ ಶಿಖರ ಅದೇ.

75ನೇ ಸಂಚಿಕೆಗೆ, ಅಂದರೆ ಸಾದಾ 11ನೇ ಸಂಪುಟಕ್ಕೆ, ಮೊದಲ ಮಹಾಕಥೆ ಮುಗಿಯುತ್ತದೆ. ಅಲ್ಲಿ ನಿಂತು ಉಸಿರಾಡಿ. ಸಾದಾ 13ನೇ ಸಂಪುಟದಲ್ಲಿ ‘ಜ್ಯಾಕ್ ಆಫ್ ಫೇಬಲ್ಸ್’ ಎಂಬ 50 ಸಂಚಿಕೆಗಳ ಕವಲು ಬಂದು ಸೇರುತ್ತದೆ; ಅದರ ಮೊದಲ 32 ಓದದವರಿಗೆ ಹೊಸ ಪಾತ್ರಗಳು ದಿಢೀರನೆ ಬಂದಂತಾಗುತ್ತವೆ. 2022ರಿಂದ ಬಂದ 12 ಹೊಸ ಸಂಚಿಕೆ ಎಲ್ಲಕ್ಕೂ ಕೊನೆಗೆ.

ಮೊಬೈಲಿನಲ್ಲಿ ಒಂದೊಂದೇ ಚೌಕ ಹಿಗ್ಗಿಸಿ ಓದಿದರೆ ಚಿತ್ರಕಾರ ಮಾರ್ಕ್ ಬಕಿಂಗ್‌ಹ್ಯಾಮ್ ಅವರ ಪುಟದಂಚಿನ ಚಿತ್ತಾರ ಕಾಣುವುದಿಲ್ಲ. ಯಾರ ಕಥೆ, ಯಾವ ಜಾಗ ಎಂಬ ಸುಳಿವು ಆ ಅಂಚಿನಲ್ಲಿರುತ್ತದೆ. ಮೊದಲು ಇಡೀ ಪುಟ ನೋಡಿ, ಆಮೇಲೆ ಮಾತು ಓದಿ. ಟ್ಯಾಬ್ ಇದ್ದರೆ ಎರಡು ಪುಟದ ಚಿತ್ರ ಬಂದಾಗ ಅಡ್ಡ ಹಿಡಿಯಿರಿ.

ಚಿತ್ರ ನೋಡಿ ಮಕ್ಕಳ ಕೈಗೆ ಕೊಡಬೇಡಿ, ಇದು ದೊಡ್ಡವರ ಓದು. 2ನೇ ಸಂಪುಟದಲ್ಲೇ ಕೋಲಿಗೆ ಚುಚ್ಚಿದ ಹಂದಿತಲೆ ಇದೆ.

ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ. ಸಾದಾ ರಟ್ಟಿನ ಪುಸ್ತಕದ ಬೆನ್ನಿನ ಅಂಟು ಮೆತ್ತಗಾಗಿ, ಪೂರ್ತಿ ಅಗಲಿಸಿದರೆ ಹಾಳೆ ಕಳಚುತ್ತದೆ. ಪತ್ರಾಸಿನ ಕೆಳಗಿನ ಅಟ್ಟದಲ್ಲಿ ಇಡದೆ, ಒಳಗೋಡೆಯ ಗೂಡಿನಲ್ಲಿ ನೆಟ್ಟಗೆ ನಿಲ್ಲಿಸಿ. ಧೂಳು ಕೂತರೆ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ಒದ್ದೆ ಬಟ್ಟೆ ತಾಕಿದರೆ ನುಣುಪು ಹಾಳೆಗಳು ಒಂದಕ್ಕೊಂದು ಅಂಟುತ್ತವೆ.