ನಾಲ್ಕನೇ ಟ್ಯಾರೋ ಡೆಕ್ ಕೈಗೆ ಒಗ್ಗಿತು: ನನ್ನ ಅನುಭವ

"ಡೆಕ್ ಯಾವುದಾದರೇನ್ರಿ, ಓದಾಕ ಬರಬೇಕಷ್ಟ." ಯಾವ ಡೆಕ್ ಕೊಳ್ಳಲಿ ಅಂದಾಗ ಹುಬ್ಬಳ್ಳಿಯ ನಮ್ಮ ಟ್ಯಾರೋ ಗೆಳತಿಯರು ಹೇಳಿದ್ದು ಇದೇ. ಟ್ಯಾರೋ ಅಂದರೆ ಚಿತ್ರದ ಕಾರ್ಡ್ ಎಳೆದು ಎದುರಿಗೆ ಕೂತವರಿಗೆ ಅರ್ಥ ಹೇಳುವುದು, ಅದೇ 'ಓದುವುದು'; ಡೆಕ್ ಅಂದರೆ ಆ ಕಾರ್ಡ್‌ಗಳ ಕಟ್ಟು. ಮೊದಲ ಡೆಕ್ ಯಾರಾದರೂ ಉಡುಗೊರೆ ಕೊಡಬೇಕು ಅಂದವರೂ ಇದ್ದರು. ನಾನು ಎರಡನ್ನೂ ಒಪ್ಪಲಿಲ್ಲ. ಈಗ ಎರಡು ವರ್ಷದಿಂದ ರೈಡರ್-ವೇಟ್ ಅನ್ನೋ ಒಂದೇ ಡೆಕ್ ಹಿಡಿದಿದ್ದೇನೆ. ಸುಮಾರು 200 ಜನರಿಗೆ ಓದಿರಬಹುದು. ಒಮ್ಮೆಯೂ ಕೈಪುಸ್ತಕ ತೆರೆದಿಲ್ಲ.

ಅದಕ್ಕೂ ಮೊದಲು ಆರೇಳು ಸಾವಿರ ರೂಪಾಯಿ ಕೈಬಿಟ್ಟು ಹೋಯಿತು. ಆನ್‌ಲೈನಿನಲ್ಲಿ 400 ರೂಪಾಯಿಗೆ ಸಿಕ್ಕ ಮೊದಲನೆಯದು ನಕಲಿ. ಕಾರ್ಡ್ ತೆಳು, ಬಣ್ಣ ಕಪ್ಪಗೆ, ಪುಸ್ತಕದ ಬದಲು ಒಂದು ಕ್ಯೂಆರ್ ಕೋಡ್. ಹದಿನೈದು ದಿನಕ್ಕೆ ಅಂಚು ಎದ್ದವು.

ಎರಡನೆಯದು ಥಾತ್ ಅನ್ನೋ ಡೆಕ್, 2,800ರ ಆಸುಪಾಸು. ಫ್ರೀಡಾ ಹ್ಯಾರಿಸ್ ಬಳಿದ ಬಣ್ಣಕ್ಕೆ ಸೋತೆ. ಆದರೆ ಕಾರ್ಡ್ ದೊಡ್ಡದು, ನನ್ನ ಕೈಯಲ್ಲಿ ಕಲಸಲು ಬರಲಿಲ್ಲ. ಜೊತೆಗೆ 'ಖಡ್ಗದ ಹತ್ತು' ಅನ್ನೋ ಕಾರ್ಡಿನ ಮೇಲೆ 'ರೂಯಿನ್', ಅಂದರೆ ಸರ್ವನಾಶ, ಅಂತ ಅಚ್ಚಾಗಿದೆ. ನಾನು ಬಾಯಿ ತೆರೆಯುವ ಮೊದಲೇ ಎದುರಿಗೆ ಕೂತವರ ಮುಖ ಬಾಡುತ್ತಿತ್ತು. ಮೂರನೆಯದು ಮಾರ್ಸೇ ಅನ್ನೋ ಡೆಕ್, ಎರಡು ಸಾವಿರ. ಅದರ 'ಸಣ್ಣ' ಕಾರ್ಡ್‌ಗಳಲ್ಲಿ, ಅಂದರೆ ಸಂಖ್ಯೆಯ ಕಾರ್ಡ್‌ಗಳಲ್ಲಿ, ಲೆಕ್ಕಕ್ಕೆ ತಕ್ಕ ಬಟ್ಟಲು, ಖಡ್ಗ ಅಷ್ಟೇ. ಸಂಖ್ಯೆ ಹಿಡಿದು ಓದುವವರಿಗೆ ಚೆನ್ನ. ನಾನು ಚಿತ್ರ ನೋಡಿ ಮಾತಾಡುವವಳು.

ಆಗ ಹೊಳೆದದ್ದು ಇದು. 'ದೊಡ್ಡವು' ಅನ್ನೋ ಮುಖ್ಯ 22 ಕಾರ್ಡ್ ನೋಡಿ ಡೆಕ್ ಕೊಳ್ಳಬೇಡಿ. ಅವು ಎಲ್ಲ ಡೆಕ್ಕಿನಲ್ಲೂ ಚಂದವೇ. ಉಳಿದ 56ರಲ್ಲಿ ನೋವಿನ ಹತ್ತು ಕಾರ್ಡ್ ಆರಿಸಿ. ಕೊಳ್ಳುವ ಮೊದಲು ಫೋನಿನಲ್ಲೇ ಚಿತ್ರ ನೋಡಿದರೂ ಸಾಕು. ಒಂದೊಂದಕ್ಕೂ ಅರ್ಧ ನಿಮಿಷ, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ, ರೆಕಾರ್ಡ್ ಮಾಡಿ. ಹತ್ತರಲ್ಲಿ ಏಳಕ್ಕೆ ತಡವರಿಸದಿದ್ದರೆ ಅದು ನಿಮ್ಮದು. ನನಗೆ ಥಾತ್‌ನಲ್ಲಿ ಮೂರು ಬಂತು, ಮಾರ್ಸೇಯಲ್ಲಿ ಒಂದು. ನಾಲ್ಕನೆಯದಾದ ರೈಡರ್-ವೇಟ್‌ನಲ್ಲಿ ಎಂಟು!

1909ರಲ್ಲೇ ಈ ಡೆಕ್ಕಿನ ಚಿತ್ರಗಾರ್ತಿ ಪಮೇಲಾ ಕೋಲ್ಮನ್ ಸ್ಮಿತ್ ಸಣ್ಣ ಕಾರ್ಡ್‌ಗಳಿಗೂ ಒಂದೊಂದು ದೃಶ್ಯ ಬರೆದರು. ಅದೇ ನನ್ನನ್ನು ಮಾತಾಡಿಸಿತು. ಕೋಲಿನ ಹತ್ತು ನೋಡಿ, "ಕಣಿಕಿ ಹೊರೆ ಹೊತ್ತು ಊರಕಡೆ ಹೊಂಟಾನ, ಮುಂದಿನ ದಾರಿ ಕಾಣವಲ್ದು" ಅಂದೆ. ಗದಗ ಕಡೆಯ ಒಬ್ಬ ಅಕ್ಕಾರು ಅದನ್ನು ಕೇಳಿ ಅಲ್ಲೇ ಅತ್ತುಬಿಟ್ಟರು. ಮನೆ ಭಾರವೆಲ್ಲ ಅವರೊಬ್ಬರ ಮೇಲಿತ್ತು. ಬಟ್ಟಲಿನ ಐದಕ್ಕೂ ಹಾಗೇ: ಮೂರು ಚೆಲ್ಲಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ. ವಿವರಿಸುವುದು ಬೇಡವೇ ಬೇಡ. ನನ್ನ ಹತ್ತರಲ್ಲಿ ಉಳಿದ ಎಂಟು ಯಾವುವು ಅಂತ ಹೇಳುವುದಿಲ್ಲ. ಯಾವ ಕ್ರಮದಲ್ಲಿ ಇಡುತ್ತೇನೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಅಸಲಿ ಡೆಕ್ಕಿಗೆ 1,600 ಆಯಿತು. ನಡುವೆ ನಕಲಿ ಡೆಕ್ಕಿನ ಬಿಳಿ ಅಂಚು ಕತ್ತರಿಸಿ ನೋಡಿದೆ. ಚಿತ್ರ ದೊಡ್ಡದಾಗಿ ಕಂಡಿತು, ನಿಜ. ಆದರೆ ಅಳತೆ ಹೆಚ್ಚುಕಡಿಮೆಯಾಗಿ, ಕಲಸುವಾಗ ಯಾವ ಕಾರ್ಡ್ ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಕನ್ನಡ ಹೆಸರು ಹಾಕಿ 22 ಕಾರ್ಡ್ ಅಚ್ಚು ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದೂ ಉಂಟು. ಜಾರಿ ಜಾರಿ ಬಿದ್ದವು. 900 ರೂಪಾಯಿ ಹೋಯಿತು.

ಧಾರವಾಡದ ಮಳೆಗಾಲಕ್ಕೆ ಕಾರ್ಡ್ ಬಿಲ್ಲಿನಂತೆ ಬಾಗುತ್ತವೆ. ಸ್ಟೀಲ್ ಡಬ್ಬಿಯಲ್ಲಿ ಒಂದು ಹಿಡಿ ಅಕ್ಕಿ ಗಂಟು ಕಟ್ಟಿ ಹಾಕಿಡುತ್ತೇನೆ. ಮೊನ್ನೆ ಗುಂಪಿನ ಗೆಳತಿಯೊಬ್ಬಳು ಹತ್ತು ಕಾರ್ಡ್ ಪರೀಕ್ಷೆ ಮಾಡಿ, ತನ್ನ ಮೂರು ಸಾವಿರದ ಡೆಕ್ ಮಾರಲು ಗಿರಾಕಿ ಹುಡುಕುತ್ತಿದ್ದಾಳೆ.